ಎಮ್ಮೆ ಬರೆದ ಭೌತಶಾಸ್ತ್ರದ ಪರೀಕ್ಷೆ

ವಿಶ್ವವಿದ್ಯಾಲಯದ ಮೊದಲ ವರ್ಷದ ಭೌತಶಾಸ್ತ್ರಕ್ಕೆ ಗಿಳಿಯೂ ಎಮ್ಮೆಯೂ ಸೇರಿದವು. ಗಿಳಿ ಎಂಟೇ ದಿನದಲ್ಲಿ ಸೂತ್ರಗಳನ್ನೆಲ್ಲ ಬಾಯಿಪಾಠ ಮಾಡಿತು. ಎಮ್ಮೆ ಮಾತ್ರ ಬೀಳುವ ಕಲ್ಲಿನ ಒಂದೇ ಸೂತ್ರವನ್ನು ತಿಂಗಳಿಡೀ ಮೆಲುಕು ಹಾಕಿತು; ಕಾಲವನ್ನು ಚೂರು ಚೂರು ಮಾಡಿ, ಪ್ರತಿ ಚೂರಿನಲ್ಲೂ ವೇಗ ಎಷ್ಟು ಬದಲಾಯಿತೆಂದು ನೋಡಿ ಕೂಡಿಸುತ್ತಿತ್ತು.

"ಇನ್ನೂ ಅಲ್ಲೇ ಇದ್ದೀಯಾ ಎಮ್ಮೆಯಕ್ಕ? ನಪಾಸಾಗುತ್ತೀಯೆ" ಎಂದು ಗಿಳಿ ನಕ್ಕಾಗ ಎಮ್ಮೆಗೂ ಒಳಗೊಳಗೇ ಅಳುಕಾಯಿತು.

ಪರೀಕ್ಷೆಯಲ್ಲಿ ಕೊಕ್ಕರೆ ಮೇಷ್ಟ್ರು ಕೆರೆಯಲ್ಲಿ ಮುಳುಗುವ ಕಲ್ಲಿನ ವೇಗ ಕೇಳಿದರು. ನೀರು ತಡೆಯುವುದರಿಂದ ಗಿಳಿಯ ಯಾವ ಸೂತ್ರವೂ ಹೊಂದಲಿಲ್ಲ. ಎಮ್ಮೆ ಕಾಲವನ್ನು ಮತ್ತೆ ಚೂರು ಮಾಡಿ, ನೀರಿನ ತಡೆಯನ್ನೂ ಲೆಕ್ಕಕ್ಕೆ ಸೇರಿಸಿ, ನಿಧಾನವಾಗಿ ಉತ್ತರ ಮುಟ್ಟಿತು.

ಹೊರಗೆ ಬಂದ ಗಿಳಿ ಕೇಳಿತು, "ನೀನು ಬರೆದ ಸೂತ್ರ ಯಾವ ಪುಟದಲ್ಲಿತ್ತು?"

"ಪುಟದಲ್ಲಿರಲಿಲ್ಲ ತಂಗಿ, ಅಲ್ಲೇ ಕೂತು ಮಾಡಿಕೊಂಡೆ" ಎಂದಿತು ಎಮ್ಮೆ.