ಸಾತಜ್ಜಿಯ ಒಳಲೆ

"ಕೇಳಿರಪ್ಪೋ ಕೇಳಿರಿ! ಸೋಮಗಿರಿಯ ದೊರೆ ಮಾರಭೂಪರ ಅಪ್ಪಣೆ! ರಾಜಕುಮಾರಿ ಪದ್ಮಲೆಯ ಮೂರು ಒಗಟು ಬಿಡಿಸಿದವನಿಗೆ ಅವಳನ್ನು ಕೊಟ್ಟು ಮದುವೆ, ಮೇಲೆ ಕೇಳಿದ್ದೊಂದು ವರ! ತಪ್ಪಿದವನಿಗೆ ತಲೆದಂಡ!"

ಡಂಗುರದವನು ಸಂತೆಸಂತೆಯಲ್ಲೂ ಹೀಗೆ ಕೂಗಿ, ಮೊದಲ ಒಗಟನ್ನೂ ಸಾರಿ ಮುಂದಿನ ಊರಿಗೆ ಹೋಗುತ್ತಿದ್ದ. ಒಗಟು ಪದ್ಮಲೆಯದು. ತಲೆದಂಡ ಸೇರಿಸಿದ್ದು ಅವಳಪ್ಪ. ಆ ದೊರೆಗೆ ಯಾವುದನ್ನೂ ಅಳತೆಯಲ್ಲಿ ಮಾಡಿ ಗೊತ್ತಿರಲಿಲ್ಲ.

ಪದ್ಮಲೆಗೆ ಚಿಕ್ಕಂದಿನಿಂದಲೂ ಹೊಟ್ಟೆಯ ಬೇನೆ. ಉಂಡರೆ ಎದೆಯುರಿ, ಉಣ್ಣದಿದ್ದರೆ ಸಂಕಟ. ತಾಯಿಯಿಲ್ಲದ ಅವಳನ್ನು ಸಾಕಿದ್ದು ದಾದಿ ಸಾತಜ್ಜಿ. ಬೆನ್ನಿಗೆ ದಿಂಬು ಕೊಟ್ಟು ಕೂರಿಸಿ, ಹಸುಗೂಸಿಗೆ ಹಾಲು ಹಾಕುವ ಒಳಲೆಯಲ್ಲಿ ಗಂಜಿಯನ್ನು ಗುಟುಕು ಗುಟುಕಾಗಿ ಹಾಕುತ್ತಿದ್ದಳು. ಒಂದು ಗುಟುಕು ಇಳಿಯುವವರೆಗೆ ಒಂದು ಒಗಟು ಹೇಳುತ್ತಿದ್ದಳು. ಆದರೆ ಅರಮನೆಯಲ್ಲೊಂದು ಪದ್ಧತಿಯಿತ್ತು. ಹುಟ್ಟಿದ ದಿನ ಬಂಗಾರದ ತಟ್ಟೆಯಲ್ಲಿ ಬಡಿಸಿದ್ದನ್ನು ಒಂದಗುಳೂ ಬಿಡದೆ ಉಣ್ಣಬೇಕು. ಪದ್ಮಲೆಗೆ ಹತ್ತು ತುಂಬಿದಾಗ ನೆಂಟರೆಲ್ಲರ ಎದುರು ಸಾತಜ್ಜಿ ಆ ತಟ್ಟೆಯನ್ನು ಸರಿಸಿಬಿಟ್ಟಳು. "ನನ್ನ ಮಗಳನ್ನು ಉಪವಾಸ ಕೆಡವುತ್ತೀಯಾ!" ಎಂದು ದೊರೆ ಕೆಂಡವಾದ. ಅವಳನ್ನು ಗಡಿಕಲ್ಲಿನಾಚೆ ಅಟ್ಟಿದ. ಅರಮನೆಯಲ್ಲಿ ಅವಳ ಹೆಸರೆತ್ತಬಾರದೆಂದು ಕಟ್ಟಪ್ಪಣೆ ಮಾಡಿದ.

ಹನ್ನೆರಡು ವರ್ಷ ಕಳೆದವು. ಪದ್ಮಲೆ ಕಡ್ಡಿಯಾದಳು. ಅವಳಿಗೆ ಗಂಡ ಬೇಕಿರಲಿಲ್ಲ, ಅಜ್ಜಿ ಬೇಕಿತ್ತು. ಹೆಸರೆತ್ತಲಾಗದಿದ್ದರೇನು, ಅಜ್ಜಿಯ ಒಗಟನ್ನು ಊರೂರಿಗೆ ಕಳಿಸಿದರೆ ಅವಳ ಬಳಿ ಇದ್ದವರು ಯಾರಾದರೂ ಉತ್ತರ ಹೊತ್ತು ಬಂದಾರು ಎಂದು ಕಾದಳು. ತೆರೆಯ ಹಿಂದೆ ಒರಗಿ, ಬಂದವರ ಹೆಜ್ಜೆ ಸದ್ದಿಗೆಲ್ಲ ಕಿವಿ ನಿಮಿರಿಸುತ್ತಿದ್ದಳು.

ಮೊದಲು ಬಂದವನು ಪಕ್ಕದ ನಾಡಿನ ಯುವರಾಜ. ಪದ್ಮಲೆ ಕೇಳಿದಳು: "ಕೂತರೆ ಕೆಳಗಿರುತ್ತದೆ, ಮಲಗಿದರೆ ಮೇಲೇರುತ್ತದೆ. ಕಿಡಿಯಿಲ್ಲ, ಹೊಗೆಯಿಲ್ಲ, ಆದರೂ ಸುಡುತ್ತದೆ. ಯಾವುದದು?"

ಯುವರಾಜ ಮೀಸೆ ತೀಡಿದ. "ವಿರಹ, ದೇವಿ! ನನಗೂ ಹಾಗೇ ಆಗುತ್ತಿದೆ."

ಪಾಪ, ಅವನಿಗೆ ಆಗುತ್ತಿದ್ದದ್ದೂ ಬೆಳಗಿನ ಹೋಳಿಗೆಯ ಫಲವೇ. ಭಟರು ಅವನನ್ನು ಸೆರೆಗೆ ನೂಕಿದರು. ಅಮಾವಾಸ್ಯೆಗೆ ತಲೆ ಹೋಗುವುದೆಂದು ತೀರ್ಮಾನವಾಯಿತು.

ಆಮೇಲೆ ಬಂದ ಆಸ್ಥಾನದ ವೈದ್ಯ ತಿಳಿದವನು. ಮೊದಲೆರಡನ್ನೂ ಬಿಡಿಸಿದ. ಪದ್ಮಲೆ ತೆರೆಯತ್ತ ಬಾಗಿ ಮೂರನೆಯದನ್ನು ಕೇಳಿದಳು: "ಒಳಗೆ ಕೆಂಪು, ಹೊರಗೆ ಕಪ್ಪು. ದೊರೆ ಕಾಣ, ವೈದ್ಯ ಕಾಣ, ಬಗ್ಗಿ ಬಳಿದವರು ಕಾಣುತ್ತಾರೆ. ಯಾವುದದು?"

"ಒಲೆಯ ಕೆಂಡ. ಆರಿದರೆ ಇದ್ದಿಲು" ಎಂದ ವೈದ್ಯ. ಅವನೂ ಸೆರೆ ಸೇರಿದ. ಪದ್ಮಲೆ ಅಂದು ನೀರನ್ನೂ ಮುಟ್ಟಲಿಲ್ಲ.

ಅಮಾವಾಸ್ಯೆಗೆ ಇನ್ನೊಂದೇ ದಿನವಿತ್ತು. ಗಡಿಯಾಚೆಯ ಊರಿನಿಂದ ಚಾಪೆ ಹೆಣೆಯುವ ಬೊಮ್ಮ ಬಂದ. ಕಾಲ್ತುಂಬ ಧೂಳು, ಬಗಲಲ್ಲೊಂದು ಗಂಟು. ಆಸ್ಥಾನದವರು ಮುಸಿಮುಸಿ ನಕ್ಕರು.

"ಮೊದಲ್ನೇದು ಸಂತೇಲೇ ಕೇಳ್ದೆ, ತಾಯಿ" ಎಂದ ಬೊಮ್ಮ. "ಅದು ಹೊಟ್ಟೆಯ ಹುಳಿ. ಉಂಡ ಕೂಡ್ಲೆ ಮಲಗಿದ್ರೆ ಗಂಟ್ಲಿಗೆ ಹತ್ತುತ್ತೆ. ಅದಕ್ಕೇ ಬೆನ್ನಿಗೆ ದಿಂಬು ಕೊಟ್ಟು ಕೂರಿಸ್ಬೇಕು."

ದಿಂಬು ಎಂದದ್ದೇ ಒರಗಿದ್ದ ಪದ್ಮಲೆ ನೆಟ್ಟಗೆ ಕೂತಳು. ವೈದ್ಯ ದಿಂಬಿನ ಮಾತೆತ್ತಿರಲಿಲ್ಲ. ಎರಡನೆಯದನ್ನು ಕೇಳಿದಳು: "ತುಂಬಿಸಿದರೆ ಮುನಿಯುವ, ಬರಿದಿಟ್ಟರೆ ತನ್ನ ಗೋಡೆಯನ್ನೇ ಕೆರೆಯುವ ಮನೆ ಯಾವುದು?"

"ಹುಣ್ಣಾದ ಹೊಟ್ಟೆ. ಅದಕ್ಕೆ ತಟ್ಟೆಗಟ್ಟಲೆ ಹಾಕ್ಬಾರ್ದು, ಉಪವಾಸಾನೂ ಕೆಡವಬಾರ್ದು. ಘಳಿಗೆಗೊಂದಿಷ್ಟು, ತಣ್ಣಗೆ, ತೆಳ್ಳಗೆ."

ಅವಳು ತೆರೆಯಂಚು ಹಿಡಿದು ಮೂರನೆಯದನ್ನೂ ಕೇಳಿದಳು. ಬೊಮ್ಮ ಮಾತ್ರ ತಲೆ ತಗ್ಗಿಸಿ ನಿಂತ. ಭಟರು ಮುಂದೆ ಬಂದರು.

"ಗೊತ್ತಿಲ್ಲ ಅಂತಲ್ಲ ಸ್ವಾಮಿ, ಸಭೆಯಲ್ಲಿ ಆಡೋ ಮಾತಲ್ಲ" ಎಂದ ಅವನು. "ಅದು ನೆತ್ತರು. ಹೊಟ್ಟೆಯ ಹುಣ್ಣಿಂದ ಜಿನುಗಿದ್ದು ಗಾಡಿಯ ಕೀಲೆಣ್ಣೆ ಹಂಗೆ ಕರ‍್ರಗೆ ಹೊರಬೀಳುತ್ತೆ. ರೋಗಿಯ ಹೊಲಸು ಬಳಿಯೋರಿಗೇ ಅದು ಮೊದಲು ಗೊತ್ತಾಗೋದು. ನಮ್ಮಪ್ಪಂದು ಮೂರು ವರ್ಷ ನಾನೇ ಬಳಿದೆ. ಏನು ನೋಡ್ಬೇಕು ಅಂತ ಹೇಳಿಕೊಟ್ಟೋಳು ಒಬ್ಬಳು ಅಜ್ಜಿ."

ಪದ್ಮಲೆ ತೆರೆ ಸರಿಸಿಕೊಂಡು ಓಡಿ ಬಂದಳು. ಅವನ ಮುಂದೆಯೇ ಕೂತುಬಿಟ್ಟಳು. "ಇದ್ದಾಳಾ? ಇನ್ನೂ ಇದ್ದಾಳಾ?"

ಬೊಮ್ಮ ಗಂಟು ಬಿಚ್ಚಿ, ಮೂತಿ ನೆಗ್ಗಿದ ಹಿತ್ತಾಳೆಯ ಒಳಲೆಯನ್ನು ಅವಳ ಕೈಗಿಟ್ಟ. "ಗಡಿಕಲ್ಲಿನ ಹತ್ರ ಕೂತವಳೆ. ದಿನಾ ಅಲ್ಲೇ ಕೂತು ಈ ಕಡೇನೇ ನೋಡ್ತಾಳೆ. ನಾನು ತಲೆ ಒಡ್ಡೋಕೆ ಬಂದೆ ಅಂತ ಅವಳಿಗೆ ಹೇಳಿಲ್ಲ, ಹೇಳಿದ್ರೆ ಬಿಡ್ತಿರಲಿಲ್ಲ. ನನಗೆ ಮದುವೆ ಗಿದುವೆ ಬೇಡ ದೊರೆಗಳೇ, ನನ್ನ ವರ ಅವಳೇ. ಈ ಕಡೆ ಬರೋಕೆ ಬಿಡಿ."

ದೊರೆ ಮಗಳ ಮುಖ ನೋಡಿದ, ಒಳಲೆ ನೋಡಿದ. ಹನ್ನೆರಡು ವರ್ಷದಿಂದ ತಾನೇ ಅವಳನ್ನು ಉಪವಾಸ ಕೆಡವಿದ್ದು ಆಗ ಅರಿವಾಯಿತು. ಸೆರೆಯವರನ್ನೆಲ್ಲ ಬಿಡಿಸಿ, ಕಣ್ಣೊರೆಸಿಕೊಳ್ಳುತ್ತ ತನ್ನ ಪಲ್ಲಕ್ಕಿಯನ್ನೇ ಗಡಿಗೆ ಕಳಿಸಿದ.

ಸಂಜೆಗೆ ಪಲ್ಲಕ್ಕಿ ಬಂತು. ಇಳಿದವಳು ಒಂದು ಹಿಡಿಯಷ್ಟಿದ್ದಳು. ಪದ್ಮಲೆ ಹಣ್ಣು, ಹಾಲು, ಪಾಯಸ ಎಲ್ಲವನ್ನೂ ಮುಂದಿಟ್ಟಳು. ಸಾತಜ್ಜಿ ನಕ್ಕು ಕುತ್ತಿಗೆ ಮುಟ್ಟಿಕೊಂಡಳು.

"ಗಂಟಲ ದಾರಿ ಕಿರಿದಾಗಿದೆ ಕಣೆ, ಕೂಸೇ. ಅಗುಳು ಇಳಿಯೋದಿಲ್ಲ."

ಅಜ್ಜಿಯ ಕೈತುತ್ತಿಗಾಗಿ ಹನ್ನೆರಡು ವರ್ಷ ಹಂಬಲಿಸಿದ ಪದ್ಮಲೆ ತಟ್ಟೆಗಳನ್ನೆಲ್ಲ ಸರಿಸಿಟ್ಟಳು. ಆಮೇಲೆ ಅಜ್ಜಿಯ ಬೆನ್ನಿಗೆ ದಿಂಬು ಕೊಟ್ಟು ಕೂರಿಸಿದಳು. ಬೊಮ್ಮ ಗಂಜಿ ತಿಳಿ ಬಸಿದು ತಂದ. ಪದ್ಮಲೆ ಒಳಲೆಯಿಂದ ಒಂದೇ ಗುಟುಕು ಹಾಕಿ, ಇಳಿಯಲೆಂದು ಕಾದಳು.

ಆ ಬಂಗಾರದ ತಟ್ಟೆಯನ್ನು ಕರಗಿಸಿ ದೊರೆ ನೂರು ಒಳಲೆ ಮಾಡಿಸಿದ. ನಾಡಿನ ರೋಗಿಗಳಿಗೊಂದು ಆರೈಕೆಮನೆ ಕಟ್ಟಿಸಿ ಬೊಮ್ಮನನ್ನು ಅದಕ್ಕೆ ಯಜಮಾನನನ್ನಾಗಿ ಮಾಡಿದ. ಬೇಡವೆಂದಿದ್ದ ಮದುವೆಯೂ ಮುಂದಿನ ವರ್ಷ ಆಯಿತಂತೆ, ಈ ಸಲ ಕೇಳಿದವಳು ಪದ್ಮಲೆ. ಅದೆಲ್ಲ ಆಮೇಲಿನ ಮಾತು. ಆ ಸಂಜೆ ಸಾತಜ್ಜಿ ಗುಟುಕು ನುಂಗಿ, ಒಳಲೆಯನ್ನು ಮೆಲ್ಲಗೆ ಹುಡುಗಿಯ ಕಡೆಗೆ ತಿರುಗಿಸಿದಳು.

"ನನ್ನದು ಇಳೀತು, ಕೂಸೇ. ಈಗ ನಿನ್ನದು."