ಹೊಳೆ ಖಾಲಿಯಿದ್ದ ಶನಿವಾರ

ನಮ್ಮ ಕಣಿವೆಗೆ ರಸ್ತೆ ಬರುವ ಮೊದಲಿನ ಮಾತು. ಶನಿವಾರ, ಭಾನುವಾರ ಹೊಳೆಯಲ್ಲಿ ಈಜಾಡಲು ಅಮಲ್ದಾರರು ಸಂಸಾರ ಸಮೇತ ಬರುವವರಿದ್ದರು. ಆ ಎರಡು ದಿನ ಊರಿನವರು ಯಾರೂ ನೀರಿಗಿಳಿಯಕೂಡದು ಎಂದು ಅಪ್ಪಣೆಯಾಯಿತು. ಬೇಸಿಗೆಯಲ್ಲಿ ನಮಗಿದ್ದ ಸುಖವೇ ಆ ಹೊಳೆ. ಹರಿಗೋಲು ನಡೆಸುವ ಸಣ್ಣೀರಯ್ಯ ಮಾತ್ರ, “ಹಾಗೇ ಆಗಲಿ” ಎಂದ.

ಶನಿವಾರ ಅಮಲ್ದಾರರು ಪಂಚೆ ಎತ್ತಿ ಕಟ್ಟಿ, “ಆಳದ ಗುಂಡಿ ಎಲ್ಲಿದೆಯೋ?” ಎಂದು ಕೇಳಿದರು.

“ಮಳೆಗಾಲ ಬಂದಾಗಲೆಲ್ಲ ಜಾಗ ಬದಲಾಯಿಸುತ್ತೆ ಬುದ್ಧಿ. ಜನ ನಿಂತ ಕಡೆ ಗುಂಡಿ ಇಲ್ಲ ಅಂದ್ಕೋತೀವಿ. ಇವತ್ತು ಎಲ್ಲೂ ಯಾರೂ ನಿಂತಿಲ್ಲ,” ಎಂದ ಸಣ್ಣೀರಯ್ಯ.

ಅಮಲ್ದಾರರು ಸಂಜೆಯವರೆಗೂ ದಡದಲ್ಲೇ ಕೂತು ಪಾದ ತೋಯಿಸಿಕೊಂಡರು. ಭಾನುವಾರ ಬೆಳಗ್ಗೆ ಎಲ್ಲರೂ ನೀರಿಗಿಳಿಯಲು ಬನ್ನಿ ಎಂದು ತಾವೇ ಊರಿಗೆಲ್ಲ ಹೇಳಿಕಳಿಸಿದರು. ಅಂದು ನಮ್ಮಜ್ಜಿ ಅವರಿಗೆ ನೀರೆರಚಿದ್ದು ನನಗಿನ್ನೂ ಕಣ್ಣಿಗೆ ಕಟ್ಟಿದಂತಿದೆ.

ನಿವೃತ್ತರಾದ ಮೇಲೂ ಅವರು ಪ್ರತಿ ಬೇಸಿಗೆ ಬರುತ್ತಿದ್ದರು. ನೀರಿಗಿಳಿಯುವ ಮೊದಲು, “ಎಲ್ಲರೂ ಬಂದ್ರಾ?” ಎಂದು ಕೇಳುತ್ತಿದ್ದರು.