ರಾಣಿ ನೆಟ್ಟ ಟೊಮೆಟೊ ಗಿಡ

"ಕೇಳ್ರಪ್ಪೋ ಕೇಳ್ರಿ! ಅರಮನೆ ಹಿತ್ತಲಿನ ಟೊಮೆಟೊ ಗಿಡಗಳಿಗೆ ರೋಗ ಬಂದಿದೆ. ದೊರೆಗಳ ಮೂರು ಒಗಟು ಬಿಡಿಸಿದವರಿಗೆ ಕೇಳಿದ್ದು ಕೊಡುತ್ತಾರೆ. ತಪ್ಪಿದವರ ತಲೆ ಹೋಗುತ್ತದೆ!"

ಹುಲಿಗುಡ್ಡದ ಬೀದಿಗಳಲ್ಲಿ ಹೀಗೆ ಡಂಗುರ ಸಾರಿ ಸಾರಿ ಸಾರುವವನ ಗಂಟಲೇ ಸೋತಿತ್ತು.

ಆ ಗಿಡಗಳನ್ನು ನೆಟ್ಟವಳು ರಾಣಿ ಮಲ್ಲಾಜಮ್ಮ. ನೆಟ್ಟ ಸ್ವಲ್ಪ ದಿನಕ್ಕೆ ಜ್ವರ ಬಂದು ತೀರಿಕೊಂಡಳು. ಅಂದಿನಿಂದ ರಾಜ ಕೆಂಚರಾಯನಿಗೆ ಅನ್ನ ಸೇರದು, ನಿದ್ದೆ ಹತ್ತದು. ಹಗಲೆಲ್ಲ ಗಿಡಗಳ ನಡುವೆಯೇ ಕೂತಿರುತ್ತಿದ್ದ.

ಸುಣ್ಣ ಬಳಿಯುವ ಚಂದ್ರವ್ವನ ತಮ್ಮ ಭರಮ ಆಸೆಗೆ ಬಿದ್ದು ಅರಮನೆಗೆ ಹೋಗಿ, "ನೀರು ಸಾಲದು" ಎಂದು ಹೇಳಿ ಸೆರೆ ಸೇರಿದ್ದ. ಮರುದಿನ ಅವನ ತಲೆ ಹೋಗುವುದಿತ್ತು. ತಾಯಿಯಿಲ್ಲದ ತಮ್ಮನನ್ನು ಸುಣ್ಣ ಬಳಿದು, ಹಿತ್ತಲಲ್ಲಿ ತರಕಾರಿ ಬೆಳೆದು ಸಾಕಿದವಳು ಅವಳೇ. ಅಳುವುದಕ್ಕೂ ತ್ರಾಣವಿಲ್ಲದೆ ಅರಮನೆಗೆ ನಡೆದಳು.

ಅವಳ ಮುಂದೆಯೇ ಒಬ್ಬ ಪೈಲ್ವಾನ "ಬಿಸಿಲು ಜಾಸ್ತಿ" ಎಂದ. ಒಬ್ಬ ಮಂತ್ರವಾದಿ "ದೃಷ್ಟಿಯಾಗಿದೆ" ಎಂದ. ಇಬ್ಬರನ್ನೂ ಭಟರು ಎಳೆದೊಯ್ದರು.

"ನಿನಗೂ ಜೀವ ಬೇಡವೇನಮ್ಮ?" ರಾಜ ತಲೆಯೆತ್ತದೆ ಕೇಳಿದ.

"ಕೇಳಿ ಬುದ್ಧಿ."

"ಮೇಲಿನವರು ಹಸಿರಾಗಿರಲೆಂದು ಕೆಳಗಿನವನು ಹಳದಿಯಾಗುತ್ತಾನೆ. ಯಾಕೆ?"

ಚಂದ್ರವ್ವ ಬಗ್ಗಿ ಗಿಡದ ಕೆಳಗಿನ ಎಲೆ ನೋಡಿದಳು. "ಮಣ್ಣಿನಲ್ಲಿ ಸತ್ವವಿಲ್ಲ. ಹಳೆಯ ಎಲೆ ತನ್ನದನ್ನು ಚಿಗುರಿಗೆ ಕೊಟ್ಟು ಬಿಳಿಚಿಕೊಳ್ಳುತ್ತದೆ. ಹೊಟ್ಟೆಗಿಲ್ಲದ ಮನೆಯಲ್ಲಿ ಹೆತ್ತವಳೂ ಹೀಗೇ. ಕೊಟ್ಟಿಗೆ ಗೊಬ್ಬರ ಹಾಕಿಸಿ."

"ಬಳೆಯೊಳಗೆ ಬಳೆಯಂಥ ಕಂದು ಮಚ್ಚೆ. ಕಾಲಿಲ್ಲ, ರೆಕ್ಕೆಯಿಲ್ಲ. ನೆಲದಿಂದ ಎಲೆಗೆ ಹತ್ತಿದ್ದು ಹೇಗೆ?"

"ನೀವೇ ಹತ್ತಿಸಿದಿರಿ, ಬುದ್ಧಿ. ತಲೆಯ ಮೇಲಿಂದ ನೀರು ಸುರಿದರೆ ಮಣ್ಣು ಸಿಡಿಯುತ್ತದೆ, ಮಣ್ಣಿನ ಜೊತೆ ರೋಗವೂ ಸಿಡಿಯುತ್ತದೆ. ಮಚ್ಚೆಯ ಎಲೆ ಕಿತ್ತು, ಬುಡಕ್ಕೆ ಹುಲ್ಲು ಹೊದಿಸಿ, ನೀರನ್ನು ಬುಡಕ್ಕೇ ಹಾಕಿ."

ರಾಜ ಎದ್ದು ನಿಂತ. ಕೊನೆಯ ಗಿಡದ ಬಳಿಗೆ ಅವಳನ್ನು ಕರೆದೊಯ್ದ. ಗಿಡ ಗಿಡ್ಡವಾಗಿತ್ತು, ಎಲೆಗಳೆಲ್ಲ ದೊನ್ನೆಯ ಹಾಗೆ ಮುದುಡಿದ್ದವು.

"ಉಣ್ಣಲು ಕೊಟ್ಟರೂ ಉಣ್ಣದು, ಮದ್ದು ಕೊಟ್ಟರೂ ಏಳದು. ಇದನ್ನು ಉಳಿಸುವುದು ಹೇಗೆ? ಅವಳು ಕೊನೆಗೆ ನೆಟ್ಟದ್ದು ಇದು."

ಚಂದ್ರವ್ವ ಎಲೆ ಅಲುಗಿಸಿದಳು. ಅಡಿಯಿಂದ ಸಣ್ಣ ಬಿಳಿ ನೊಣಗಳು ಎದ್ದವು. ಉತ್ತರ ಗೊತ್ತಿತ್ತು. ಸುಳ್ಳು ಹೇಳಿದರೆ ತಮ್ಮ ಉಳಿಯುವುದಿಲ್ಲ, ನಿಜ ಹೇಳಿದರೆ ಈ ಮನುಷ್ಯ ತಡೆದಾನೋ ಇಲ್ಲವೋ.

"ಉಳಿಸಲಾಗದು, ಬುದ್ಧಿ. ಈ ನೊಣ ಇದರ ರೋಗವನ್ನು ಪಕ್ಕದ ಗಿಡಗಳಿಗೂ ಹೊತ್ತೊಯ್ಯುತ್ತದೆ. ಅಮ್ಮನವರು ನೆಟ್ಟ ಉಳಿದವು ಬದುಕಬೇಕಾದರೆ ಇದನ್ನು ಕಿತ್ತು ಸುಡಬೇಕು."

ರಾಜ ಆ ಮುದುಡಿದ ಎಲೆಗಳನ್ನು ಸವರಿದ. "ನನಗೂ ಗೊತ್ತಿತ್ತು, ತಂಗಿ. ಯಾರಾದರೂ ಹೇಳಲಿ ಎಂದಿದ್ದೆ," ಎಂದು ಮೊಣಕಾಲೂರಿ, ತನ್ನ ಕೈಯಾರೆ ಗಿಡ ಕಿತ್ತ. ಆಮೇಲೆ ಕೇಳಿದ, "ಏನು ಬೇಕು?"

"ಸೆರೆಮನೆಯಲ್ಲಿರುವವರನ್ನೆಲ್ಲ ಬಿಡಿ."

ಬಾಗಿಲು ತೆರೆಯಿತು. ಹೊರಗೆ ಬಂದ ಭರಮ ಎಲ್ಲ ಕೇಳಿ ಗೊಣಗಿದ, "ಅರ್ಧ ರಾಜ್ಯ ಕೇಳಬಾರದಿತ್ತೇನಕ್ಕಾ?"

"ಅದಕ್ಕೆ ಸುಣ್ಣ ಬಳಿಯೋರು ಯಾರೋ?" ಎಂದಳು ಚಂದ್ರವ್ವ. "ನಡಿ ಮನೆಗೆ."